ಪುಸ್ತಕದ ಬೆನ್ನಲ್ಲಿ ಒಂದು ಚಾಕು

ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಗೇಟಿಗೆ ಅಂಟಿಸಿದ್ದ ಒಂದು ಹಾಳೆ ಕಾಗದವೇ ರಟ್ಟಣ್ಣನ ಆ ದಿನದ ಸಂಕಟಕ್ಕೆಲ್ಲ ಮೂಲ. ಕಾಗದದ ಅಂಟು ಇನ್ನೂ ಹಸಿಯಾಗಿತ್ತು, ಅಂಚು ಓರೆಯಾಗಿತ್ತು. ಮೂವತ್ತೊಂದು ವರ್ಷ ಅದೇ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿದ ಮನುಷ್ಯ ಅವನು. ಕಣ್ಣಿಗೆ ಮೊದಲು ಬಿದ್ದದ್ದು ಆ ಓರೆ. ಬರಹ ಬಿದ್ದದ್ದು ಆಮೇಲೆ.

‘ಇಂದು ಸಂಜೆ ನಾಲ್ಕಕ್ಕೆ ಮಾನ್ಯ ಅತಿಥಿಗಳು ಹೊಸ ಓದುಕೋಣೆಯನ್ನು ಉದ್ಘಾಟಿಸುವುದರಿಂದ ಚಾಕು, ಕತ್ತರಿ, ಬ್ಲೇಡು ಮುಂತಾದ ಅಲಗಿನ ವಸ್ತುಗಳನ್ನು ಒಳಗೆ ಒಯ್ಯಕೂಡದು. ಒಳಗಿರುವವನ್ನೂ ತಂದು ಗೇಟಿನಲ್ಲಿ ಒಪ್ಪಿಸಿ ಬಿಲ್ಲೆ ಪಡೆಯತಕ್ಕದ್ದು. ಅತಿಥಿಗಳು ಹೊರಡುವವರೆಗೆ ಯಾವ ಕಾರಣಕ್ಕೂ ಹಿಂದಿರುಗಿಸಲಾಗದು.’

ಕೆಳಗೆ ಗ್ರಂಥಾಲಯದ ಮುಖ್ಯಸ್ಥರಾದ ಸಾಹೇಬರ ರುಜು. ಮೇಲಿನಿಂದ ಬಂದ ಸೂಚನೆಯಲ್ಲಿ ‘ಎಚ್ಚರ ವಹಿಸಿ’ ಎಂದಷ್ಟೇ ಇತ್ತಂತೆ. ಸಾಹೇಬರು ಚಳಿ ಎಂದರೆ ಕಂಬಳಿ ಹೊದಿಸಿ ಬಾಗಿಲೂ ಹಾಕುವ ಸ್ವಭಾವದವರು.

ಗೇಟಿನ ಪಕ್ಕ ಕಾವಲಿನವನು ತಗಡಿನ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ಒಂದೊಂದು ಅಲಗಿಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕ. ರಟ್ಟು ವಿಭಾಗದಲ್ಲಿ ಪುಸ್ತಕ ಹೊಲಿಯುವ ಹೊಲಿಗೆಯಕ್ಕ ಆಗಲೇ ತನ್ನ ಎರಡು ಕತ್ತರಿಗಳನ್ನು ಒಪ್ಪಿಸಿ, ಬಿಲ್ಲೆಗಳನ್ನು ಸೆರಗಿಗೆ ಗಂಟು ಹಾಕುತ್ತಿದ್ದಳು.

“ಬನ್ನಿ ಅಣ್ಣ, ನಿಮ್ಮ ಪ್ರಾಣಾನೂ ಇಲ್ಲಿ ಒಪ್ಪಿಸಿ ಒಳಗೆ ಬನ್ನಿ” ಎಂದಳು.

ರಟ್ಟಣ್ಣ ನಕ್ಕಂತೆ ಮಾಡಿ, ಮರೆತದ್ದೇನೋ ನೆನಪಾದವನ ಹಾಗೆ ಹಿಂದಕ್ಕೆ ಹೋಗಿ, ಕಾಂಪೌಂಡಿನ ಮೂಲೆಯ ಮರದ ಮರೆಯಲ್ಲಿ ನಿಂತ.

ಪ್ರಾಣ ಎಂದು ಅವಳು ಹೇಳಿದ್ದು ತಮಾಷೆಗೆ. ಅದು ಮಡಚುವ ಚಾಕು. ಒಂದೇ ಅಲಗು, ಕೊಂಬಿನ ಹಿಡಿ, ಎರಡು ತುದಿಗೂ ಹಿತ್ತಾಳೆ. ಹಿಡಿಯ ಒಂದು ಮಗ್ಗುಲು ಅವನ ಹೆಬ್ಬೆರಳು ಕೂತು ಕೂತು ಸವೆದು, ಬೇರೆ ಯಾರ ಹೆಬ್ಬೆರಳಿಗೂ ಒಗ್ಗದ ಹಾಗೆ ತಗ್ಗಾಗಿತ್ತು. ಭಾನುವಾರ ಭಾನುವಾರ ಕಲ್ಲಿಗೆ ಹಿಡಿದು ಅಲಗು ಕೃಷ್ಣಪಕ್ಷದ ಚಂದ್ರನ ಹಾಗೆ ವರ್ಷ ವರ್ಷಕ್ಕೂ ಸಣ್ಣಗಾಗುತ್ತ ಬಂದಿತ್ತು. ಮುಚ್ಚಿದರೆ ‘ಟಕ್’ ಎಂದು ಒಂದು ಸದ್ದು. ಒಳ್ಳೆಯ ಬಾಗಿಲು ಒಳ್ಳೆಯ ಚೌಕಟ್ಟಿನಲ್ಲಿ ಕೂತಂಥ ಸದ್ದು. ಅದರಿಂದ ಅವನು ರಟ್ಟು ಕೊಯ್ಯುತ್ತಿದ್ದ, ಹಣ್ಣು ಹೆಚ್ಚುತ್ತಿದ್ದ, ಕಾಲಿನ ಮುಳ್ಳು ತೆಗೆಯುತ್ತಿದ್ದ. ಕೆಲಸವಿಲ್ಲದಾಗ ಸುಮ್ಮನೆ ಜೇಬಿನೊಳಗೇ ಬೆರಳಾಡಿಸುತ್ತಿದ್ದ. ಬೇರೆಯವರು ಕೇಳಿದರೆ ಮಾತ್ರ, “ಏನು ಕೊಯ್ಯಬೇಕು ಹೇಳಿ, ನಾನೇ ಕೊಯ್ದು ಕೊಡ್ತೀನಿ” ಎನ್ನುತ್ತಿದ್ದನೇ ಹೊರತು ಚಾಕು ಕೈಬಿಡುತ್ತಿರಲಿಲ್ಲ.

ತಂದುಕೊಟ್ಟವಳು ಹೆಂಡತಿ. ಮದುವೆಯಾದ ಹೊಸದರಲ್ಲಿ ಅವನು ಮನೆಗೆ ತಂದ ಕೆಲಸದಲ್ಲಿ ದಾರವನ್ನು ಹಲ್ಲಿನಿಂದ ಕಡಿಯುವುದನ್ನು ನೋಡಿ, “ದೇವರು ಹಲ್ಲು ಕೊಟ್ಟಿದ್ದು ಇದಕ್ಕಲ್ಲ. ಐವತ್ತಾಗೋ ಹೊತ್ತಿಗೆ ಬರೀ ಗಂಜಿ ಕುಡೀಬೇಕಾಗುತ್ತೆ, ಅದನ್ನ ಕಾಯಿಸೋಳು ನಾನು” ಎಂದು ಹೇಳಿ ಮಾರನೆಯ ದಿನವೇ ಕೊಂಡು ತಂದಿದ್ದಳು. ಅಲಗಿಗೆ ಹತ್ತಿದ ಅಂಟನ್ನು ಸಂಜೆ ಎಣ್ಣೆ ಬಟ್ಟೆಯಿಂದ ಒರೆಸಿಡುವುದು ಅವಳ ಕೆಲಸ. ಎಂಟು ತಿಂಗಳಿಂದ ಅದೂ ಅವನದೇ ಕೆಲಸವಾಗಿತ್ತು. ಅವಳ ಸೀರೆಗಳನ್ನು ನಾದಿನಿ ಬಂದು ಒಯ್ದಳು, ಪಾತ್ರೆಗಳು ಅಟ್ಟ ಸೇರಿದವು. ದಿನವಿಡೀ ಅವನ ಜೊತೆಗೆ ಹೊರಗೆ ಬರುವಂಥದ್ದು ಅಂತ ಉಳಿದದ್ದು ಈ ನಾಲ್ಕು ಬೆರಳಿನ ಸಾಮಾನು ಒಂದೇ. ಸಂಜೆಯವರೆಗೆ ಅದನ್ನು ಕಂಡವರ ಕತ್ತರಿಗಳ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಬಿಡುವುದೆಂದರೆ ಅವನಿಗೆ ಆಗದು. ಆಗದು ಎಂದರೆ ಆಗದು.

ಕಂಕುಳಲ್ಲಿ ಸಂಜೆಯ ಸಮಾರಂಭದ ಅತಿಥಿ ಪುಸ್ತಕವಿತ್ತು. ಅತಿಥಿಗಳು ನಾಲ್ಕು ಮಾತು ಬರೆದು ರುಜು ಮಾಡಲಿಕ್ಕೆಂದು ಅವನೇ ಎರಡು ದಿನ ಮನೆಯಲ್ಲಿ ಕೂತು ಕಟ್ಟಿದ ದಪ್ಪ ಪುಸ್ತಕ. ಅಂಥ ಪುಸ್ತಕದ ಬೆನ್ನು ಹಾಳೆಗಳಿಗೆ ಅಂಟಿರುವುದಿಲ್ಲ. ಕಮಾನಿನ ಹಾಗೆ ಬಿಲ್ಲಾಗಿ ನಿಂತಿರುತ್ತದೆ, ಒಳಗೆ ಕೊಳವೆಯಂಥ ಪೊಳ್ಳು. ರಟ್ಟಣ್ಣ ಒಮ್ಮೆ ಸುತ್ತ ನೋಡಿದ. ‘ದೇವರೇ, ಇದೊಂದು ದಿನ ದಾಟಿಸಿಬಿಡು’ ಎಂದುಕೊಂಡು ಚಾಕುವನ್ನು ಆ ಪೊಳ್ಳಿನೊಳಗೆ ಜಾರಿಸಿದ. ಕೆಳಗಿನಿಂದ ಬೀಳದ ಹಾಗೆ ಕರವಸ್ತ್ರ ಹರಿದು ಒಂದು ಚೂರು ತುರುಕಿದ. ಕೋಣೆ ಸೇರಿದ ಕೂಡಲೆ ತೆಗೆದುಕೊಂಡರಾಯಿತು. ಎರಡು ನಿಮಿಷದ ಮಾತು.

“ಚಾಕು, ಅಣ್ಣ?” ಎಂದು ಕಾವಲಿನವನು ಕೈ ಚಾಚಿದ.

“ಇವತ್ತು ಮನೇಲೇ ಬಿಟ್ಟು ಬಂದೆ.”

ಕಾವಲಿನವನು ಅವನ ಮುಖವನ್ನು ದಿಟ್ಟಿಸಿ ನೋಡಿದ. “ಮೈಗೆ ಹುಷಾರಿಲ್ವಾ?”

“ಚೆನ್ನಾಗೇ ಇದ್ದೀನಪ್ಪ.”

“ಅಲ್ಲ, ನೀವು ಪ್ಯಾಂಟ್ ಮರೆತು ಬಂದ್ರೂ ನಂಬ್ತಿದ್ದೆ.” ಎರಡು ಜೇಬನ್ನೂ ತಟ್ಟಿ ನೋಡಿ, ಖಾಲಿ ಎಂದು ಖಾತ್ರಿಯಾದ ಮೇಲೆ ಹೆಸರಿನ ಪುಸ್ತಕದಲ್ಲಿ ‘ರಟ್ಟಣ್ಣ: ಏನೂ ಇಲ್ಲ’ ಎಂದು ಬರೆದುಕೊಂಡು ರುಜು ಹಾಕಿಸಿದ. ಅತಿಥಿ ಪುಸ್ತಕವನ್ನು ಮಾತ್ರ ದೇವರ ಪಟ ಮುಟ್ಟುವವನ ಹಾಗೆ ಎರಡು ಬೆರಳಲ್ಲಿ ಮುಟ್ಟಿ, “ಚೆನ್ನಾಗಿ ಬಂದಿದೆ” ಎಂದು ಒಳಗೆ ಬಿಟ್ಟ.

ಆ ಎರಡು ನಿಮಿಷ ರಟ್ಟಣ್ಣನಿಗೆ ಸಿಗಲಿಲ್ಲ. ಮೆಟ್ಟಿಲ ಮೇಲೆಯೇ ಸಾಹೇಬರು ಎದುರಾದರು. ಬಟ್ಟೆಗೆ ಇಸ್ತ್ರಿ ಮಾಡಿಸಿದ ಗಡಿಬಿಡಿಯಲ್ಲಿ ಮುಖಕ್ಕೂ ಮಾಡಿಸಿದಂತಿದ್ದರು.

“ಪುಸ್ತಕ ಬಂತಾ? ಕೊಡು ಇಲ್ಲಿ.”

“ಬೆನ್ನು ಇನ್ನೂ ಒಣಗಿಲ್ಲ ಸಾರ್. ಕೋಣೇಲಿ ಸ್ವಲ್ಪ ಹೊತ್ತು...”

“ಮೇಜಿನ ಮೇಲೆ ಗಾಳಿಗೆ ತಾನೇ ಒಣಗುತ್ತೆ. ನಿನ್ನ ಕೋಣೆಗೆ ಹೋದ ಸಾಮಾನು ಆರು ತಿಂಗಳಿಗೆ ಮುಂಚೆ ಹೊರಗೆ ಬಂದಿದ್ದು ನಾನು ನೋಡಿಲ್ಲ.” ಪುಸ್ತಕವನ್ನು ಕಿತ್ತುಕೊಂಡು ಹೋಗಿ, ಹೊಸ ಓದುಕೋಣೆಯ ಬಾಗಿಲ ಮುಂದೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟೇಬಿಟ್ಟರು. ಅದರ ಕಾವಲಿಗೆ ಎರವಲು ಮೇಡಂ ಅವರನ್ನು ಕೂರಿಸಿದರು. ಓದುಗರಿಗೆ ಪುಸ್ತಕ ಎರವಲು ಕೊಡುವ ಮೇಜು ಆಕೆಯದು. ಹೋದ ಪುಸ್ತಕ ಹದಿನಾಲ್ಕನೆಯ ದಿನ ಬರದಿದ್ದರೆ ಹದಿನೈದನೆಯ ದಿನ ಮನೆಗೇ ಹೋಗಿ ಬಾಗಿಲು ತಟ್ಟುವ ಹೆಂಗಸು. ಅಂಥವರ ಕಣ್ಣು ತಪ್ಪಿಸುವುದು ಸಣ್ಣ ಮಾತಲ್ಲ.

ಅತ್ತ ರಟ್ಟು ವಿಭಾಗದ ಸ್ಥಿತಿ ನೀರಿಲ್ಲದ ಮಡಿವಾಳನ ಹಾಗಾಗಿತ್ತು. ರಟ್ಟು ಇತ್ತು, ಕೊಯ್ಯುವಂತಿರಲಿಲ್ಲ. ಬಟ್ಟೆ ಇತ್ತು, ಕತ್ತರಿಸುವಂತಿರಲಿಲ್ಲ. ಹೊಸ ಪುಸ್ತಕಗಳ ಕಟ್ಟು ಬಂದು ಬಿದ್ದಿತ್ತು. ಅದರ ಹುರಿಯನ್ನು ಹೊಲಿಗೆಯಕ್ಕ ಉಗುರಿನಿಂದ ಅರ್ಧ ಗಂಟೆ ಬಿಚ್ಚಿ, ಉಗುರು ಮುರಿದು, ಸಾಹೇಬರ ವಂಶವನ್ನು ಮೆಲ್ಲಗೆ ನೆನೆಯುತ್ತಿದ್ದಳು.

“ಸಾಹೇಬರ ಉಗುರು ಕತ್ತರಿನೂ ಪೆಟ್ಟಿಗೆಗೆ ಹಾಕಿದ್ದಾನಂತೆ ಕಾವಲಿನವನು” ಎಂದಳು. “ಅವರೇ ಬರೆದಿದ್ದು, ಅವರೇ ಅನುಭವಿಸಲಿ. ಆದ್ರೂ ಅಣ್ಣ, ನೀವು ಚಾಕು ಬಿಟ್ಟು ಬಂದಿದ್ದು ನಂಗೆ ಯಾಕೋ ಸರಿ ಕಾಣ್ತಿಲ್ಲ. ಅತ್ತಿಗೆ ಹೋದಮೇಲೆ ನೀವು ಊಟ ಬಿಟ್ಟಿದ್ದು ನೋಡಿದ್ದೀನಿ, ಮಾತು ಬಿಟ್ಟಿದ್ದು ನೋಡಿದ್ದೀನಿ. ಚಾಕು ಬಿಟ್ಟಿದ್ದು ನೋಡಿಲ್ಲ.”

ಹಿಡಿದ ದಾರವನ್ನು ಅವಳು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ರಟ್ಟಣ್ಣನ ಮುಖ ಸಣ್ಣದಾಯಿತು. ಎದ್ದು ಹೊರಗೆ ನಡೆದ.

ಮೊದಲ ಸಲ ಪುಟ ಗುರುತಿನ ದಾರ ಹಾಕುವ ನೆಪ ತೆಗೆದ. “ದಾರ ಕೊಡಿ, ನಾನೇ ಹಾಕ್ತೀನಿ” ಎಂದರು ಮೇಡಂ. ಎರಡನೆಯ ಸಲ ಧೂಳು ಒರೆಸುವ ನೆಪ. “ಒರೆಸಿದ್ದೀನಿ, ಎರಡು ಸಲ” ಎಂದರು. ಊಟದ ಹೊತ್ತಿಗಾದರೂ ಏಳುತ್ತಾರೆಂದು ಕಂಬದ ಹಿಂದೆ ಕಾದರೆ, ಅವರು ಡಬ್ಬಿಯನ್ನು ಅಲ್ಲಿಗೇ ತರಿಸಿಕೊಂಡು, ಪುಸ್ತಕದಿಂದ ಒಂದು ಮೊಳ ದೂರದಲ್ಲಿ ಉಂಡು, ಕೈಯನ್ನೂ ಕಿಟಕಿಯ ಹೊರಗೇ ತೊಳೆದುಕೊಂಡರು.

ಕೈ ಒರೆಸಿಕೊಂಡ ಮೇಲೆ ಅವರಿಗೆ ಪುಸ್ತಕ ಹೇಗೆ ತೆರೆದುಕೊಳ್ಳುತ್ತದೆ ನೋಡುವ ಮನಸ್ಸಾಯಿತು. ತೆರೆದರು. ಒಳಗಿನಿಂದ ‘ಕಟಕ್’ ಎಂದಿತು.

ರಟ್ಟಣ್ಣ ಕಂಬದ ಹಿಂದಿನಿಂದ ಓಡಿ ಬಂದ.

“ಏನೋ ಸದ್ದಾಯ್ತಲ್ಲ” ಎಂದರು ಮೇಡಂ.

“ಹೊಸ ಪುಸ್ತಕ ಮೇಡಂ. ಮೊದಲ ಸಲ ತೆರೆದಾಗ ಬೆನ್ನಿನ ಮೂಳೆ ಸದ್ದು ಮಾಡುತ್ತೆ.”

“ನನ್ನದೂ ಹಾಗೇ ಮಾಡುತ್ತೆ, ಹಳೇದಾದ್ರೂ.” ಪುಸ್ತಕವನ್ನು ಎತ್ತಿ ತೂಗಿದರು. “ಒಂದು ಕಡೆ ಭಾರ ಜಾಸ್ತಿ ಇದೆ.”

“ಬೆನ್ನಿಗೆ ಬಲ ಕೊಟ್ಟಿದ್ದೀನಿ.”

“ಒಳ್ಳೇದು. ಆದ್ರೆ ನೀವು ಬೆಳಗಿನಿಂದ ಯಾಕೆ ಹೀಗೆ ಸುತ್ತುತ್ತಾ ಇದ್ದೀರಿ? ಹೆರಿಗೆ ಕೋಣೆ ಮುಂದೆ ಗಂಡ ಸುತ್ತೋ ಹಾಗೆ.”

ಇನ್ನು ಅಲ್ಲಿ ನಿಲ್ಲುವುದು ಕ್ಷೇಮವಲ್ಲ ಎಂದು ರಟ್ಟಣ್ಣ ಹಿಂತಿರುಗಿದ. ಆದರೆ ಒಂದು ಹೊಸ ಭಯ ಶುರುವಾಯಿತು. ಕರವಸ್ತ್ರದ ತುಂಡು ಸಡಿಲವಾಗಿರಬೇಕು. ಅತಿಥಿಗಳು ಪುಸ್ತಕ ತೆರೆದು ರುಜು ಹಾಕುವ ಹೊತ್ತಿಗೆ ಚಾಕು ಜಾರಿ ಅವರ ಪಾದದ ಮೇಲೇ ಬಿದ್ದರೆ ಏನು ಗತಿ? ಗಣ್ಯರ ಮೇಲೆ ಚಾಕು ಬಿತ್ತು ಎಂದರೆ ಯಾರು ಬೀಳಿಸಿದರು, ಎಲ್ಲಿಂದ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಕೆಲಸ ಹೋಗುತ್ತದೆ, ಚಾಕು ಸಾಕ್ಷಿಯಾಗಿ ಪೊಲೀಸರ ಕಪಾಟು ಸೇರುತ್ತದೆ. ಕೆಲಸ ಹೋದರೂ ಹೋಗಲಿ. ಎರಡನೆಯದು ಮಾತ್ರ ಆಗಕೂಡದು.

ನಾಲ್ಕಕ್ಕೆ ಸರಿಯಾಗಿ ಅತಿಥಿಗಳು ಬಂದರು. ಎಲ್ಲರೂ ದೊಡ್ಡ ಅಧಿಕಾರಿಯನ್ನು ನಿರೀಕ್ಷಿಸಿದ್ದರು. ಕಾರಿನಿಂದ ಇಳಿದದ್ದು ಎಂಬತ್ತು ದಾಟಿದ ಒಬ್ಬ ಹೆಂಗಸು. ಓದಿ ಬರೆದು ಹೆಸರಾದವರು, ಕೈಯಲ್ಲಿ ಊರುಗೋಲು. ಹಿಂದೆ ಅವರ ಡ್ರೈವರು ಶಾಲು, ನೀರಿನ ಬಾಟಲಿ, ಕನ್ನಡಕದ ಡಬ್ಬಿ ಹಿಡಿದು ಬಂದ. ಬಾಗಿಲಿಗೆ ಅಡ್ಡಲಾಗಿ ಸೊಂಟದ ಎತ್ತರಕ್ಕೆ ಕೆಂಪು ಪಟ್ಟಿ ಕಟ್ಟಿತ್ತು. ಮಾತು ಮುಗಿದು, ಚಪ್ಪಾಳೆ ಮುಗಿದು, ಸಾಹೇಬರು ಕತ್ತರಿಗೆಂದು ಪಕ್ಕಕ್ಕೆ ಕೈ ನೀಡಿದರು. ಕೈ ಖಾಲಿಯಾಗಿಯೇ ಉಳಿಯಿತು.

“ಕತ್ತರಿ” ಎಂದರು, ನಗುತ್ತಲೇ.

ಯಾರೂ ಅಲುಗಲಿಲ್ಲ.

“ಕತ್ತರಿ ಎಲ್ಲಪ್ಪ?” ನಗು ಹಲ್ಲಿನ ಮೇಲೆ ಮಾತ್ರ ಉಳಿದಿತ್ತು.

“ಪೆಟ್ಟಿಗೇಲಿದೆ ಸಾರ್” ಎಂದ ಕಾವಲಿನವನು.

“ಹೋಗಿ ತಗೊಂಡು ಬಾ.”

“ಪೆಟ್ಟಿಗೇನ ಪೊಲೀಸ್ ಚೌಕಿಗೆ ಕಳಿಸಿದ್ದೀನಿ ಸಾರ್. ನೀವೇ ಹೇಳಿದ್ದು, ಅಲ್ಲೇ ಭದ್ರ ಅಂತ. ಆರು ಗಂಟೆಗೆ ತರ್ತಾರೆ.”

“ಇಡೀ ಕಟ್ಟಡದಲ್ಲಿ ಒಂದು ಬ್ಲೇಡು ಇಲ್ವಾ?”

“ಒಂದೂ ಇಲ್ಲ ಸಾರ್” ಎಂದು ಕಾವಲಿನವನು ಎದೆಯುಬ್ಬಿಸಿದ. ಅವನ ಇಪ್ಪತ್ತು ವರ್ಷದ ಸೇವೆಯಲ್ಲಿ ಇಷ್ಟು ಸಂಪೂರ್ಣವಾಗಿ ಯಾವ ಕೆಲಸವೂ ಆಗಿರಲಿಲ್ಲ.

ಸಾಹೇಬರು ಗಂಟು ಬಿಚ್ಚಲು ಹೋದರು. ಕಾವಲಿನವನೇ ಹಾಕಿದ ಗಂಟು. ಅದು ಬಿಚ್ಚಲಿಕ್ಕೆಂದು ಹಾಕಿದ್ದಲ್ಲ. ಹೊಲಿಗೆಯಕ್ಕ ಮುಂದೆ ಬಂದು, “ಕಚ್ಚಲಾ ಸಾರ್?” ಎಂದು ಕೇಳಿದಳು. ಸಾಹೇಬರು ಬೇಡವೆಂದು ಕಣ್ಣಲ್ಲೇ ಬೇಡಿಕೊಂಡರು.

“ಇರಲಿ ಬಿಡಿ” ಎಂದರು ಆ ಹಿರಿಯರು. “ಚಿಕ್ಕವಳಿದ್ದಾಗ ಬೇಲಿ ಕೆಳಗೆ ನುಸುಳಿ ಶಾಲೆಗೆ ಹೋದವಳು ನಾನು. ಇದೇನು ಮಹಾ.” ಊರುಗೋಲನ್ನು ಡ್ರೈವರಿಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು, ಪಟ್ಟಿಯ ಕೆಳಗೆ ಹೋಗಲು ಬಗ್ಗಿದರು. ಅರ್ಧ ಬಗ್ಗಿದ ಮೇಲೆ ಮಂಡಿ ಕೇಳಲಿಲ್ಲ. ಮೇಲೂ ಅಲ್ಲ, ಕೆಳಗೂ ಅಲ್ಲ. ಉಸಿರು ಹಿಡಿದು ಹಾಗೇ ನಿಂತರು.

ರಟ್ಟಣ್ಣ ಹಿಂದಿನ ಸಾಲಿನಲ್ಲಿದ್ದ. ಅವನು ಅತಿಥಿಗಳನ್ನು ನೋಡಲಿಲ್ಲ, ಚೌಕಟ್ಟು ಹಿಡಿದ ಆ ಕೈಯನ್ನು ನೋಡಿದ. ಕೊನೆಯ ದಿನಗಳಲ್ಲಿ ಅವನ ಹೆಂಡತಿಯೂ ಹೀಗೆಯೇ ಅಡುಗೆಮನೆಯ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಕೇಳಿದರೆ, “ಏನಿಲ್ಲ, ಏನೋ ಯೋಚಿಸ್ತಿದ್ದೆ” ಎನ್ನುತ್ತಿದ್ದಳು. ಬೆಳಗಿನಿಂದ ಅವನು ದೇವರನ್ನು ಕೇಳಿಕೊಂಡದ್ದು ದೇವರಿಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಬೇರೆ ಏನನ್ನೋ ಯೋಚಿಸಿದ್ದನೋ. ರಟ್ಟಣ್ಣ ಜನರನ್ನು ಸರಿಸಿ ಮುಂದೆ ಬಂದ. ಅತಿಥಿ ಪುಸ್ತಕವನ್ನು ಎತ್ತಿ, ತಲೆಕೆಳಗು ಮಾಡಿ, ಬೆನ್ನಿಗೆ ಎರಡು ಏಟು ಕೊಟ್ಟ. ಕರವಸ್ತ್ರದ ಚೂರು ಮೊದಲು, ಚಾಕು ಆಮೇಲೆ, ಬಿಲದಿಂದ ಹೊರಬಂದ ಹಾಗೆ ಅಂಗೈಗೆ ಬಿದ್ದವು. ಅಲಗು ತೆರೆದು, ಹಿಡಿಯನ್ನು ಅವರ ಕಡೆ ಮಾಡಿ, ಎರಡೂ ಕೈಯಿಂದ ನೀಡಿದ.

ಕಾವಲಿನವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

ಹಿರಿಯರು ಮೆಲ್ಲಗೆ ನೆಟ್ಟಗಾದರು. ಪಟ್ಟಿಗೆ ಅಲಗು ತಾಗಿಸಿದರು, ಅಷ್ಟೆ. ಪಟ್ಟಿ ಎರಡಾಗಿ ಜಾರಿತು. ಚಪ್ಪಾಳೆಯ ನಡುವೆ ಅವರು ಒಳಗೆ ಹೋಗಲಿಲ್ಲ, ಚಾಕುವನ್ನು ತಿರುಗಿಸಿ ನೋಡುತ್ತ ನಿಂತರು. “ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಯಾರದು ಇದು?”

‘ನನ್ನದು’ ಎನ್ನಲು ರಟ್ಟಣ್ಣ ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರು ನಡುವೆ ಬಂದರು. ಕಟ್ಟಡದಲ್ಲಿ ಅಲಗಿಲ್ಲ ಎಂದು ಅವರು ಮೇಲಿನವರಿಗೆ ಲಿಖಿತವಾಗಿ ತಿಳಿಸಿ ಇನ್ನೂ ಎರಡು ಗಂಟೆ ಆಗಿರಲಿಲ್ಲ.

“ಗ್ರಂಥಾಲಯದ್ದು ಅಮ್ಮ” ಎಂದರು. “ಎಲ್ಲರ ಹಾಗೆ ಕತ್ತರಿ ಬೇಡ, ಪುಸ್ತಕದ ಬೆನ್ನಿಂದಲೇ ಚಾಕು ಬರಲಿ ಅಂತ ನಾವೇ ಏರ್ಪಾಡು ಮಾಡಿದ್ವಿ. ನಿಮಗೆ ಒಂದು ಆಶ್ಚರ್ಯ ಇರಲಿ ಅಂತ.” ಹಾಗೆಂದು ರಟ್ಟಣ್ಣನ ಕಡೆ ತಿರುಗಿ, “ಅಲ್ವೇನಪ್ಪ?” ಎಂದರು. ಕಣ್ಣಿನಲ್ಲಿ ಅರ್ಧ ಆಜ್ಞೆ, ಅರ್ಧ ಭಿಕ್ಷೆ.

ರಟ್ಟಣ್ಣ ಬೆಳಗಿನ ರುಜುವನ್ನು ನೆನೆದ. ‘ಏನೂ ಇಲ್ಲ.’ ತಲೆಯಾಡಿಸಿದ.

ಹಿರಿಯರಿಗೆ ಬಹಳ ಸಂತೋಷವಾಯಿತು. ಅತಿಥಿ ಪುಸ್ತಕದ ಮೊದಲ ಪುಟದಲ್ಲಿ ನಿಧಾನವಾಗಿ, ದುಂಡಗೆ ಬರೆದರು: ‘ಈ ಗ್ರಂಥಾಲಯವು ತನ್ನ ಸ್ವಂತ ಚಾಕುವನ್ನು ಪುಸ್ತಕದ ಬೆನ್ನಲ್ಲಿಟ್ಟು ಕಾಪಾಡಿಕೊಂಡು ಬಂದಿರುವುದನ್ನು ಕಂಡು ಮನಸ್ಸು ತುಂಬಿತು.’ ದಿನಾಂಕ ಹಾಕಿ ರುಜು ಮಾಡಿದರು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು, ಮತ್ತೊಮ್ಮೆ ಚಪ್ಪಾಳೆಯಾಯಿತು. ಚಾಕು ಕೈಯಿಂದ ಕೈಗೆ ದಾಟಿ ಕೊನೆಗೆ ರಟ್ಟಣ್ಣನ ಕೈಗೇ ಬಂತು. “ಒರೆಸಿ ಇಡು” ಎಂದರು ಸಾಹೇಬರು.

ಅವನು ಒರೆಸಿ ಜೇಬಿನಲ್ಲಿಟ್ಟ. ಆ ಭಾರ ಮತ್ತೆ ತೊಡೆಗೆ ತಾಗಿತು. ಎಲ್ಲರೂ ಚಹಾ ಕುಡಿಯುವ ಕಡೆ ಹೋದರೂ ಅವನು ಹೋಗಲಿಲ್ಲ. ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳುತ್ತ ಕೂತ. ಚಹಾಕ್ಕೆ ಹೋಗಿದ್ದರೆ ಒಳ್ಳೆಯದಿತ್ತು.

ಆರು ಗಂಟೆಗೆ ಪೆಟ್ಟಿಗೆ ಚೌಕಿಯಿಂದ ಬಂತು. ಗೇಟಿನಲ್ಲಿ ಸಾಲು ನಿಂತಿತು. ಬಿಲ್ಲೆ ಕೊಟ್ಟವರು ಅಲಗು ತೆಗೆದುಕೊಂಡು ಹೊರಟರು. ಹೊಲಿಗೆಯಕ್ಕ ತನ್ನ ಕತ್ತರಿಗಳನ್ನು ಕಣ್ಣಿಗೆ ಒತ್ತಿಕೊಂಡಳು. ಸಾಹೇಬರಿಗೂ ಉಗುರು ಕತ್ತರಿ ಸಿಕ್ಕಿತು. ರಟ್ಟಣ್ಣನ ಸರದಿ ಬಂದಾಗ ಕಾವಲಿನವನು ಜೇಬು ತಟ್ಟಿದ.

“ಇದೇನಣ್ಣ?”

“ಗೊತ್ತಿಲ್ವೇನೋ. ನನ್ನ ಚಾಕು.”

“ಬಿಲ್ಲೆ ಕೊಡಿ.”

“ಬಿಲ್ಲೆ ಎಲ್ಲಿಂದ ಬರುತ್ತೆ.”

ಕಾವಲಿನವನು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. “ಬೆಳಿಗ್ಗೆ ಬರುವಾಗ ಏನೂ ಇಲ್ಲ. ನಿಮ್ಮದೇ ರುಜು. ಒಳಗೆ ಬರದೇ ಇರೋ ಚಾಕು ಹೊರಗೆ ಹೇಗೆ ಹೋಗುತ್ತೆ? ಒಂದೋ ನೀವು ಕದ್ದು ತಂದ್ರಿ ಅಂತ ಬರೀಬೇಕು. ಇಲ್ಲಾ, ಇದು ಗ್ರಂಥಾಲಯದ್ದು. ಯಾವುದು ಬರೀಲಿ ಹೇಳಿ, ಬರೀತೀನಿ.”

ರಟ್ಟಣ್ಣ ಸಾಹೇಬರ ಕಡೆ ನೋಡಿದ. ಸಾಹೇಬರು ಆಕಾಶದ ಕಡೆ ನೋಡಿದರು. “ಅಮ್ಮನವರು ಬರೆದಾಗಿದೆಯಪ್ಪ” ಎಂದರು. “ಅಷ್ಟು ದೊಡ್ಡವರ ಬರಹ ಸುಳ್ಳು ಅಂತ ನಾನು ಹೇಗೆ ಹೇಳಲಿ? ನೀನೂ ತಲೆಯಾಡಿಸಿದೆ.”

“ಸಾರ್, ಎಲ್ಲರಿಗೂ ಗೊತ್ತು ಇದು ನನ್ನದು ಅಂತ. ಅಕ್ಕ, ನೀನಾದ್ರೂ ಹೇಳು. ಮೂವತ್ತೊಂದು ವರ್ಷದಿಂದ ನನ್ನ ಜೇಬಲ್ಲಿದೆ.”

ಹೊಲಿಗೆಯಕ್ಕ ಸೆರಗಿನ ತುದಿ ತಿರುವಿದಳು. “ಜೇಬಲ್ಲಿತ್ತು ಅಣ್ಣ, ಸುಳ್ಳಲ್ಲ. ಆದ್ರೆ ಅಷ್ಟು ಜನರ ಮುಂದೆ ನೀವೇ ಒಪ್ಪಿಕೊಂಡ್ರಲ್ಲ. ಚಹಾ ಕುಡಿಯೋವಾಗ ಎಲ್ಲರೂ ಅದನ್ನೇ ಮಾತಾಡಿಕೊಂಡ್ವಿ. ಗ್ರಂಥಾಲಯದ್ದು ಅಂತಾನೇ ಯಾರ ಕೈಗೂ ಕೊಡ್ತಿರಲಿಲ್ಲ, ಪಾಪ, ಎಷ್ಟು ಜೋಪಾನ ಮಾಡಿದ್ರು ಅಂತ.”

“ಮೂವತ್ತೊಂದು ವರ್ಷ ವಾಪಸ್ ಕೊಡದ ಸಾಮಾನು” ಎಂದರು ಎರವಲು ಮೇಡಂ, ಅವನನ್ನು ಮೊದಲ ಸಲ ಕಾಣುವವರ ಹಾಗೆ ನೋಡುತ್ತ. “ನನ್ನ ಮೇಜಿನ ಮುಂದೆಯೇ ದಿನಾ ಓಡಾಡಿದ್ದೀರಿ.” ಆದರೆ ಅವರ ಮನಸ್ಸು ಕೆಟ್ಟದ್ದಲ್ಲ. ಅವನ ಮುಖ ನೋಡಿ ದನಿ ಇಳಿಸಿದರು. “ಯಾಕೆ ಇಷ್ಟು ಕಂಗಾಲಾಗ್ತೀರಿ? ಗ್ರಂಥಾಲಯದ ವಸ್ತು ಹೊರಗೆ ಹೋಗಬಾರದು ಅಂತ ಎಲ್ಲೂ ಇಲ್ಲ. ಎರವಲು ಚೀಟಿ ಇದ್ದರೆ ಸಾಕು. ಬನ್ನಿ ನನ್ನ ಜೊತೆ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ರಟ್ಟಣ್ಣ ಅವರ ಹಿಂದೆ ಮತ್ತೆ ಒಳಗೆ ನಡೆದ. ನಡೆಯುತ್ತ ನಡೆಯುತ್ತ ಅವನ ಮನಸ್ಸು ಹಗುರವಾಯಿತು. ಹದಿನಾಲ್ಕು ದಿನಕ್ಕೆ ಒಮ್ಮೆ ಚೀಟಿ ಬರೆಸಿ, ಮತ್ತೆ ಹದಿನಾಲ್ಕು ದಿನ ಇಟ್ಟುಕೊಳ್ಳುವುದು. ಸಾಯುವವರೆಗೆ ಬರೆಸಿದರಾಯಿತು. ಯೋಚಿಸಿದರೆ ಯಾವುದು ತಾನೇ ನಮ್ಮದು? ದೇವರೂ ಎರವಲೇ ಕೊಡುವುದು. ಮೇಡಂ ಕೊನೆಯ ದಿನಾಂಕವನ್ನು ಮೊದಲೇ ಒತ್ತಿ ಕೊಡುತ್ತಾರೆ, ದೇವರು ಒತ್ತುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೇಡಂ ಚಾಕುವಿಗೆ ಒಂದು ಅಂಕೆ ಕೊಟ್ಟು ಕಾರ್ಡು ಬರೆದರು. ಆಮೇಲೆ ಇನ್ನೊಂದು ಪುಸ್ತಕ ತೆರೆದು ತುಟಿ ಕಚ್ಚಿದರು.

“ಒಂದು ತೊಂದರೆ ಇದೆ. ನಿಮಗಿಂತ ಮುಂಚೆ ಕಾಯ್ದಿರಿಸಿದವರಿದ್ದಾರೆ.”

“ಚಾಕುವನ್ನಾ?”

“ಚಹಾ ಕುಡಿಯೋವಾಗ ಅಮ್ಮನವರು ಕೇಳಿದರು, ಇದನ್ನೂ ಓದುಗರಿಗೆ ಕೊಡ್ತೀರಾ ಅಂತ. ನಮ್ಮಲ್ಲಿ ಕೊಡದೇ ಇರೋದು ಏನಿದೆ ಅಂದೆ. ಅಲ್ಲೇ ಸದಸ್ಯರಾಗಿ ಹೆಸರು ಬರೆಸಿದರು. ಅವರ ಯಜಮಾನರ ಹತ್ತಿರ ಇಂಥದ್ದೇ ಒಂದಿತ್ತಂತೆ. ಅವರು ಹೋದಮೇಲೆ ಯಾರೋ ಏನೋ ಮಾಡಿದರಂತೆ, ಸಿಗಲೇ ಇಲ್ಲವಂತೆ. ‘ಹದಿನಾಲ್ಕು ದಿನ ಕೈಯಲ್ಲಿ ಹಿಡಿದಿರ್ತೀನಮ್ಮ, ಏನೂ ಕೊಯ್ಯೋದಿಲ್ಲ’ ಅಂದರು. ಬುಧವಾರ ಡ್ರೈವರನ್ನ ಕಳಿಸ್ತಾರೆ.”

ರಟ್ಟಣ್ಣ ಮೇಜಿನ ಅಂಚು ಹಿಡಿದು ನಿಂತ. ಜಗಳವಾಡಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿಗೋ ಹೋಯಿತು. “ತಗೊಂಡು ಹೋಗಲಿ” ಎಂದ. “ಅವರು ತಗೊಂಡು ಹೋಗಲೇಬೇಕು. ಅವರಾದಮೇಲೆ ನನಗೆ ಬರೀರಿ.”

“ಅವರಾದಮೇಲೆ ಸಾಹೇಬರು. ಮನೇಲಿ ತೋರಿಸಬೇಕಂತೆ.”

“ಸರಿ, ಆಮೇಲೆ?”

“ಹೊಲಿಗೆಯಕ್ಕ. ಆಮೇಲೆ ಕಾವಲಿನವನು. ಅದಕ್ಕೇ ನೋಡಿ ಅವನು ಅಷ್ಟು ಗಟ್ಟಿಯಾಗಿ ಗೇಟಲ್ಲಿ ಹಿಡಿದದ್ದು. ಹೊರಗೆ ಹೋಗಿಬಿಟ್ರೆ ಅವನ ಸರದಿ ಕೆಡುತ್ತಲ್ಲ. ಐದನೆಯವನು ಅಮ್ಮನವರ ಡ್ರೈವರು. ಆರನೆಯವರು ದಿನಾ ಪೇಪರ್ ಓದಕ್ಕೆ ಬರೋ ತಾತ.”

“ಹಾಗಾದ್ರೆ ನಾನು ಏಳನೆಯವನು.”

ಮೇಡಂ ಪುಸ್ತಕವನ್ನು ಸ್ವಲ್ಪ ತಮ್ಮ ಕಡೆಗೆ ಎಳೆದುಕೊಂಡರು. “ಎಂಟನೆಯವರು” ಎಂದರು. “ಏಳನೆಯವಳು ನಾನು. ಇಷ್ಟು ವರ್ಷ ನೋಡಿ ನೋಡಿ ನನಗೂ ಒಂದು ಆಸೆ ಇರೋಲ್ವೇ?”

ಪುಸ್ತಕವನ್ನು ಅವನ ಕಡೆ ತಿರುಗಿಸಿ, ಎಂಟನೆಯ ಸಾಲು ತೋರಿಸಿ, ಒಂದು ಪೆನ್ಸಿಲನ್ನು ಅವನ ಕೈಗಿಟ್ಟರು. ರಟ್ಟಣ್ಣ ಬರೆಯಲು ಹೋದ. ಮೊನೆ ಮುರಿದಿತ್ತು.

ಇಬ್ಬರೂ ಪೆನ್ಸಿಲನ್ನು ನೋಡಿದರು. ಆಮೇಲೆ ಇಬ್ಬರೂ ಚಾಕುವನ್ನು ನೋಡಿದರು.

“ಇಲ್ಲೇ ಕೂತು ಉಪಯೋಗಿಸಿ ವಾಪಸ್ ಕೊಡೋದಾದ್ರೆ ಚೀಟಿ ಬೇಡ” ಎಂದರು ಮೇಡಂ. “ಆದ್ರೆ ಓದುಕೋಣೆಯಲ್ಲೇ ಕೂರಬೇಕು. ನನ್ನ ಕಣ್ಣಿಗೆ ಕಾಣೋ ಹಾಗೆ.”

ರಟ್ಟಣ್ಣ ಹೊಸ ಓದುಕೋಣೆಗೆ ಹೋಗಿ, ಹೊಸ ಕುರ್ಚಿಯ ಮೇಲೆ ಮೊದಲ ಓದುಗನಾಗಿ ಕೂತ. ಅಲಗನ್ನು ತೆರೆದ. ಹೆಬ್ಬೆರಳು ತನ್ನ ತಗ್ಗಿನಲ್ಲಿ ತಾನೇ ಹೋಗಿ ಕೂತಿತು. ಪೆನ್ಸಿಲಿನ ಸಿಪ್ಪೆ ತೆಳ್ಳಗೆ, ಉದ್ದಕ್ಕೆ, ಸುರುಳಿಯಾಗಿ ಬಿಳಿ ಮೇಜಿನ ಮೇಲೆ ಇಳಿಯತೊಡಗಿತು. ಮೊನೆ ಬಂತು, ಅವನು ನಿಲ್ಲಿಸಲಿಲ್ಲ. ಮುಚ್ಚುವ ಗಂಟೆ ಹೊಡೆಯಿತು. ಮೇಡಂ ಎರಡು ಸಲ ಕೆಮ್ಮಿದರು, ಮೂರನೆಯ ಸಲ ಕರೆದರು. ಎದ್ದು ಬಂದು ನೋಡಿದಾಗ ಪೆನ್ಸಿಲು ಕಿರುಬೆರಳಿನಷ್ಟಾಗಿತ್ತು, ಮತ್ತು ಅವನು ಇನ್ನೂ ಚೂಪು ಮಾಡುತ್ತಲೇ ಇದ್ದ.